ಅಕ್ಕಲಕೋಟೆಯಲ್ಲಿ ಕೀಲಿ ಹಾಕದ ಸ್ಕೂಟರ್

ಸೊಲ್ಲಾಪುರ ಬಿಟ್ಟಾಗ ಬೆಳಿಗ್ಗೆ ಎಂಟರ ಆಸುಪಾಸು. ಮಾರ್ಚ್ ಇನ್ನೂ ಅರ್ಧ ಮುಗಿದಿರಲಿಲ್ಲ, ಬಿಸಿಲು ಮಾತ್ರ ಆಗಲೇ ಕುತ್ತಿಗೆಯ ಹಿಂಭಾಗ ಹುಡುಕಿಕೊಂಡು ಬಂದಿತ್ತು. ಅಕ್ಕಲಕೋಟೆ ಅಲ್ಲಿಂದ ನಲವತ್ತು ಕಿಲೋಮೀಟರಿನೊಳಗೆ. ಬಸ್ಸುಗಳು ಬೇಕಾದಷ್ಟಿವೆ, ಬಸ್ಸಿನಲ್ಲೇ ಹೋಗುತ್ತೇನೆ ಎಂದೂ ಹೇಳಿದ್ದೆ. ಆದರೆ ನನ್ನ ಹಾಸ್ಟೆಲ್ ಗೆಳತಿ ಸುವರ್ಣಳ ತಂದೆ, ನಾನು ಕಾಕಾ ಎಂದು ಕರೆಯುವ ಗುರುಸಿದ್ಧಪ್ಪನವರು, ತಮ್ಮ ಸ್ಕೂಟರನ್ನು ಒರೆಸಿ ಬಾಗಿಲಿಗೆ ತಂದು ನಿಲ್ಲಿಸಿಬಿಟ್ಟಿದ್ದರು. ಸುವರ್ಣಳಿಗೆ ಬ್ಯಾಂಕಿನಲ್ಲಿ ರಜೆ ಸಿಗಲಿಲ್ಲ. ನಾನೊಬ್ಬಳೇ ಹೊರಟೆ.

ತುಮಕೂರಿನಿಂದ ನಾನು ಬಂದದ್ದು ಸುವರ್ಣಳ ಮನೆಗೆ. ಅಕ್ಕಲಕೋಟೆಗೆ ಹೋಗಿ ಸ್ವಾಮಿಯ ಪ್ರಸಾದ ತರಲೇಬೇಕು ಎಂದದ್ದು ನಮ್ಮಮ್ಮ. ದೇವರ ವಿಷಯದಲ್ಲಿ ನನ್ನದು ವಿರೋಧ ಪಕ್ಷ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಅದೇ ಪಕ್ಷ ವಹಿಸಿ ಮಾತಾಡಿ ಕಪ್ಪುಗಳನ್ನು ಗೆದ್ದಿದ್ದೇನೆ. ಆದರೂ ಪ್ರಸಾದಕ್ಕೆ ಒಪ್ಪಿದೆ. ಅಮ್ಮನ ಜೊತೆ ವಾದಕ್ಕಿಳಿದರೆ ತೀರ್ಪುಗಾರರೂ ಅಮ್ಮನೇ ಆಗಿರುತ್ತಾರೆ.

ಕಾಕಾ ಮಗ್ಗಗಳಿಂದ ಟವೆಲು, ಚಾದರ ಎತ್ತಿ ಪೇಟೆಯ ಅಂಗಡಿಗಳಿಗೆ ಮುಟ್ಟಿಸುವ ವ್ಯಾಪಾರಿ. ಆ ವ್ಯಾಪಾರವೆಲ್ಲ ಈ ಸ್ಕೂಟರಿನ ಬೆನ್ನ ಮೇಲೆ. ಗಾಡಿ ಹಳೆಯದು, ಅದರ ವಿಮೆ ಕಳವಿಗೆ ಅನ್ವಯಿಸುವುದಿಲ್ಲ. ಹೋದರೆ ಹೋಯಿತು. ಹೊಸದನ್ನು ಕೊಳ್ಳುವ ಮಾತು ಆ ಮನೆಯಲ್ಲಿ ಸದ್ಯಕ್ಕಿಲ್ಲ. ಹಿಂದಿನ ದಿನವೇ ಸುವರ್ಣ ಇದನ್ನೆಲ್ಲ ಹೇಳಿದ್ದಳು, ನನ್ನನ್ನು ಹೆದರಿಸುವುದಕ್ಕಲ್ಲ, ಅಪ್ಪ ಅದನ್ನು ಇನ್ನೊಬ್ಬರ ಕೈಗೆ ಕೊಡುವುದು ಎಷ್ಟು ದೊಡ್ಡ ಸಂಗತಿ ಎಂದು ತಿಳಿಸುವುದಕ್ಕೆ.

"ಹ್ಯಾಂಡಲ್ ಲಾಕ್ ಕೆಟ್ಟೈತ್ರಿ," ಎಂದರು ಕಾಕಾ. "ಯಾರ್ ಬೇಕಾದ್ರೂ ದೂಡ್ಕೊಂಡು ಹೋಗ್ತಾರ. ನಿಂತಲ್ಲಿ ಕೀಲಿ ಹಾಕೂದು ಮರೀಬ್ಯಾಡ್ರಿ, ಡಿಕ್ಕ್ಯಾಗ ಐತಿ. ತಗೋರಿ, ಇದು ಕಿಲ್ಲಿ."

ಒಂದು ಸಲ ಎಳೆದು ಕೀಲಿ, ಇನ್ನೊಂದು ಸಲ ಮೊಟಕು ಮಾಡಿ ಕಿಲ್ಲಿ. ನಮ್ಮ ಕಡೆ ಬೀಗದ ಕೈಗೆ ಕೀಲಿಕೈ ಎನ್ನುವುದನ್ನು ಕೇಳಿದ್ದೆ. ಎರಡೂ ಅದೇ, ಉಚ್ಚಾರ ಮಾತ್ರ ಇವರ ಮನಸ್ಸಿಗೆ ಬಂದಂತೆ ಎಂದುಕೊಂಡೆ. ನಿಲ್ಲಿಸಿದಲ್ಲಿ ಕೀ ಮರೆಯಬೇಡಿ, ಡಿಕ್ಕಿಯಲ್ಲಿ ಇನ್ನೊಂದಿದೆ ಎನ್ನುತ್ತಿದ್ದಾರೆ, ಅಷ್ಟೇ. ಚೀಲ ಇಡಲು ಡಿಕ್ಕಿ ತೆರೆದಾಗ ಹಳೇ ಟವೆಲಿನಲ್ಲಿ ಸುತ್ತಿದ ಭಾರದ ಗಂಟೊಂದು ಕಂಡಿತು. ರಿಪೇರಿ ಸಾಮಾನಿರಬೇಕೆಂದು ಬಿಚ್ಚಲಿಲ್ಲ.

ಕುಂಭಾರಿ ದಾಟಿದ ಮೇಲೆ ರಸ್ತೆ ಹಗುರವಾಯಿತು. ಎರಡೂ ಬದಿಗೆ ಕೊಯ್ದ ಜೋಳದ ಹೊಲ, ಅಲ್ಲಲ್ಲಿ ಕಬ್ಬು ಹೇರಿಕೊಂಡು ರಸ್ತೆಯ ಮುಕ್ಕಾಲು ಪಾಲನ್ನು ತಮ್ಮದೆಂದು ತಿಳಿದ ಟ್ರ್ಯಾಕ್ಟರುಗಳು. ವಳಸಂಗದಲ್ಲಿ ಚಹ ಕುಡಿದೆ. ಅಂಗಡಿಯ ಬೋರ್ಡು ಮರಾಠಿ, ಲೆಕ್ಕ ಮರಾಠಿ. ಹಾಲು ಉಕ್ಕಿದಾಗ ಅಂಗಡಿಯವನು ಬೈದದ್ದು ಮಾತ್ರ ಕನ್ನಡದಲ್ಲಿ.

ಅಕ್ಕಲಕೋಟೆಯಲ್ಲಿ ಗುಡಿಯ ಕಡೆಯ ಬೀದಿ ಹೊರಗಿನ ಕಾರುಗಳಿಂದ ತುಂಬಿತ್ತು. ಒಂದು ಖಾಲಿ ಜಾಗದಲ್ಲಿ ಹಗ್ಗ ಕಟ್ಟಿ ಬೈಕು ನಿಲ್ಲಿಸಿಕೊಳ್ಳುತ್ತಿದ್ದರು. ನೋಡಿಕೊಳ್ಳುತ್ತಿದ್ದವರು ಕಸ್ತೂರಬಾಯಿ ಎಂಬ ಗಟ್ಟಿ ದನಿಯ ಹೆಂಗಸು. ನಾನು ಸ್ಕೂಟರಿನ ಕೀ ತೆಗೆದು ಚೀಲಕ್ಕೆ ಹಾಕಿಕೊಂಡು ಹೊರಟಾಗ ಕರೆದರು.

"ತಂಗಿ, ಕೀಲಿ ಹಾಕಿ ಹೋಗು."

ಕೀಯನ್ನು ಗಾಡಿಗೇ ಹಾಕಿ ಹೋಗಬೇಕಂತೆ. ಗಾಡಿಗಳನ್ನು ಆಚೀಚೆ ಸರಿಸಲು ಇವರಿಗೆ ಅನುಕೂಲ, ಕಳ್ಳನಿಗೆ ಇನ್ನೂ ಅನುಕೂಲ. ನಾನು ನಿಂತೆ.

"ಕೀಲಿ ಹಾಕಿ ಹೋದರೆ ಯಾರಾದರೂ ತಗೊಂಡು ಹೋಗಲ್ವಾ?"

"ಹಾಕಿದ್ರ ಹ್ಯಾಂಗ ಒಯ್ತಾರ? ಹಾಕದಿದ್ರ ಒಯ್ತಾರ."

"ಉಲ್ಟಾ ಹೇಳ್ತಿದ್ದೀರ. ಹಾಕದೇ ಇದ್ದರೇನೇ ಸುರಕ್ಷಿತ. ಕೀಲಿ ನನ್ನ ಹತ್ರಾನೇ ಇರತ್ತೆ."

"ನಿನ್ನ ಹತ್ರ ಇಟ್ಕೊಂಡು ಏನ್ ಮಾಡ್ತೀಯವಾ? ಇಲ್ಲಿ ಗಾಡಿಗಿ ಯಾರ್ ದಿಕ್ಕು?"

ಪಕ್ಕದಲ್ಲಿ ಹೂ ಮಾರುವವರು, ಬೈಕು ನಿಲ್ಲಿಸುತ್ತಿದ್ದ ದಂಪತಿ, ಎಲ್ಲರೂ ನಮ್ಮನ್ನೇ ನೋಡುತ್ತಿದ್ದರು. ಸಭೆ ಸೇರಿದರೆ ನನ್ನ ನಾಲಿಗೆ ತಡೆಯುವುದಿಲ್ಲ. ಗುಡಿಯ ಕಡೆ ಕೈ ತೋರಿಸಿ, "ನಿಮ್ಮ ಸ್ವಾಮಿ ಇದ್ದಾರಲ್ಲ, ನೋಡ್ಕೊಳ್ಳಲಿ," ಎಂದೆ. ಒಳ್ಳೆಯ ಕುಟುಕು ಎಂದು ನನಗೇ ಮೆಚ್ಚಿಗೆಯಾಯಿತು. ಕಸ್ತೂರಬಾಯಿ ಎರಡೂ ಕೈ ಜೋಡಿಸಿದರು. ಗೆದ್ದೆ ಎಂದುಕೊಂಡು ಹೋದೆ.

ದರ್ಶನದ ಸಾಲು ಉದ್ದವಿತ್ತು, ಆದರೆ ನೆರಳಿತ್ತು. ಆಲದ ಮರದ ಸುತ್ತ ಜನ ಕಣ್ಣು ಮುಚ್ಚಿ ಕೂತಿದ್ದರು. ಅವರ ನೆಮ್ಮದಿಯ ಬಗ್ಗೆ ನನ್ನ ತಕರಾರಿಲ್ಲ, ಅದಕ್ಕೆ ಅವರು ಕೊಡುವ ಕಾರಣದ ಬಗ್ಗೆ ಇದೆ. ಪ್ರಸಾದ ಕಟ್ಟಿಸಿಕೊಂಡು, ಅನ್ನಛತ್ರದಲ್ಲಿ ನೆಲದ ಮೇಲೆ ಕೂತು ಊಟ ಮಾಡಿದೆ. ಸಾರು ಖಾರವಿತ್ತು, ಬಡಿಸುವವರು ಕೇಳದೆಯೇ ಎರಡನೇ ಸಲ ಹಾಕಿದರು. ವಾದದ ಸುಖವೂ ಊಟದ ಸುಖವೂ ಸೇರಿ ನಿಧಾನವಾಗಿ ನಡೆದು ಗಾಡಿ ಬಿಟ್ಟ ಜಾಗಕ್ಕೆ ಬಂದೆ.

ಸ್ಕೂಟರ್ ಇರಲಿಲ್ಲ.

ಸಾಲನ್ನು ಒಂದು ಕೊನೆಯಿಂದ ಇನ್ನೊಂದು ಕೊನೆಗೆ ನೋಡಿದೆ, ಮತ್ತೆ ಹಿಂದಕ್ಕೆ ನೋಡಿಕೊಂಡು ಬಂದೆ. ಕಸ್ತೂರಬಾಯಿಯೂ ಇರಲಿಲ್ಲ. ಅವರ ಕುರ್ಚಿಯಲ್ಲಿ ಅವರ ಗಂಡ ಕೂತಿದ್ದರು. ಆಕೆ ಊಟಕ್ಕೆ ಮನೆಗೆ ಹೋಗಿದ್ದಾಳೆ, ತಾನು ಈಗಷ್ಟೇ ಹೊಲದಿಂದ ಬಂದೆ, ಬೂದು ಬಣ್ಣದ ಸ್ಕೂಟರನ್ನು ನೋಡಿಯೇ ಇಲ್ಲ ಎಂದರು. ಮಗ್ಗದಲ್ಲಿ ಕಟ್ಟಿಟ್ಟ ಟವೆಲಿನ ಗಂಟುಗಳು, ಅವಕ್ಕೆ ಕಾದಿರುವ ಅಂಗಡಿಗಳು, ಬೆಳಿಗ್ಗೆ ಆ ಸೀಟನ್ನು ಒರೆಸಿದ ಕಾಕಾ ಅವರ ಕೈ, ಎಲ್ಲ ಒಟ್ಟಿಗೆ ಕಣ್ಣ ಮುಂದೆ ಬಂದವು. ಪೊಲೀಸ್ ಠಾಣೆಗೆ ಹೋಗುವ ಮೊದಲು ಅವರಿಗೆ ಹೇಳಬೇಕಾದದ್ದು ನ್ಯಾಯ ಅನ್ನಿಸಿ ಫೋನು ಮಾಡಿದೆ.

ಪೂರ್ತಿ ಕೇಳಿದ ಕಾಕಾ ಮೆಲ್ಲಗೆ, "ಕೀಲಿ ಹಾಕಿದ್ರಿಲ್ರಿ?" ಎಂದರು.

"ಇಲ್ಲ ಕಾಕಾ, ಬಿಟ್ಟು ಹೋಗಲಿಲ್ಲ. ಕೀಲಿ ನನ್ನ ಕೈಯಲ್ಲೇ ಇದೆ."

"ಕೈಯಾಗ? ಅಷ್ಟು ದೊಡ್ಡ ಸರಪಳಿ ಕೈಯಾಗ ಹಿಡ್ಕೊಂಡು ಗುಡಿಗಿ ಹೋಗಿದ್ರೇನು?"

ಆಗ ತಿಳಿಯಿತು. ಮರಾಠಿಯಿಂದ ಬಂದ ಕಿಲ್ಲಿ ಎಂದರೆ ಕೀ. ಇವರ ಕನ್ನಡದ ಕೀಲಿ ಎಂದರೆ ಬೀಗ. ಇಲ್ಲಿಯವರು ದಿನಕ್ಕೆ ಹತ್ತು ಸಲ ಎರಡನ್ನೂ ಆಡುತ್ತಾರೆ, ಯಾರೂ ಎಡವುವುದಿಲ್ಲ. ಟವೆಲಿನ ಗಂಟಿನಲ್ಲಿದ್ದದ್ದು ಸರಪಳಿ ಬೀಗ. ಬೀಗ ಹಾಕು ತಂಗಿ ಎಂದು ಬೇಡಿಕೊಂಡವರಿಗೆ, ಹಾಕದಿದ್ದರೇ ಸುರಕ್ಷಿತ ಎಂದು ಜನರೆದುರು ವಾದಿಸಿ ಬಂದಿದ್ದೆ. ವಿಷಯದ ಪದಗಳ ಅರ್ಥ ಮೊದಲು ಇತ್ಯರ್ಥವಾಗಲಿ ಎಂದು ಎಷ್ಟು ಜನ ಎದುರಾಳಿಗಳನ್ನು ಪೀಡಿಸಿಲ್ಲ ನಾನು?

ಕಾಕಾ ಬೈಯಲಿಲ್ಲ. "ಹೊಂಟು ಬರ್ತೀನಿ, ನೀವು ಅಲ್ಲೇ ನೆಳ್ಳಾಗ ಕೂಡ್ರಿ," ಎಂದರು. ಬೈದಿದ್ದರೆ ವಾಸಿಯಿತ್ತು.

ನನ್ನ ಮಾತು ಕೇಳಿಸಿಕೊಂಡ ಹೂವಿನವರು ಕುರ್ಚಿಯ ಕಡೆ ತಿರುಗಿ, "ಅಣ್ಣಾ, ಸ್ವಾಮಿ ಮ್ಯಾಲೆ ಭಾರ ಹಾಕಿ ಹೋದಾಕಿ ಇಕೀನ," ಎಂದರು. ಕಸ್ತೂರಬಾಯಿಯ ಗಂಡ ಎದ್ದೇ ನಿಂತರು. ಹೆಂಡತಿ ಊಟಕ್ಕೆ ಹೋಗುವಾಗ, ಒಬ್ಬ ದೊಡ್ಡ ಭಕ್ತೆ ಬರುತ್ತಾಳೆ, ಮನೆಗೆ ಕರೆದುಕೊಂಡು ಬಾ ಎಂದಿದ್ದಳಂತೆ. ಭಕ್ತೆಯೆಂದರೆ ವಯಸ್ಸಾದವಳು ಎಂದುಕೊಂಡಿದ್ದರಂತೆ. ಹೀಗೆ ಜೀನ್ಸ್ ಹಾಕಿರುತ್ತಾಳೆ ಎಂದು ಯಾರಿಗೆ ಗೊತ್ತು? ಬಾ ತಂಗಿ ಎಂದು ಗುಡಿಯ ಬೀದಿ ಬಿಟ್ಟು ಒಂದು ಸಂದಿಗೆ ಕರೆದೊಯ್ದರು.

ಅವರ ಮನೆಯ ಹಿತ್ತಿಲ ಬೇವಿನ ಮರಕ್ಕೆ ಕಾಕಾ ಅವರ ಸ್ಕೂಟರನ್ನು ಎಮ್ಮೆಯ ಸರಪಳಿಯಿಂದ ಬಿಗಿದು ಬೀಗ ಹಾಕಿದ್ದರು. ಎಮ್ಮೆ ಹಗ್ಗದಲ್ಲಿ ನಿಂತು ಸೀಟಿನ ಮೂಲೆಯನ್ನು ನೆಕ್ಕುತ್ತಿತ್ತು. ಆ ಎಮ್ಮೆಯನ್ನು ತಬ್ಬಿಕೊಳ್ಳಬೇಕು ಅನ್ನಿಸುವಷ್ಟು ಸಮಾಧಾನವಾಯಿತು. ಒರಳುಕಲ್ಲಿನ ಮೇಲೆ ಕೂತೆ. ಮೊದಲು ಫೋನು ಮಾಡಿದೆ. ಕಾಕಾ ಬಸ್ ಸ್ಟ್ಯಾಂಡಿನಲ್ಲಿದ್ದರು. ಸುದ್ದಿ ಕೇಳಿದಾಗ ಅವರು ಬಿಟ್ಟ ಉಸಿರು, ಅಷ್ಟು ಗದ್ದಲದಲ್ಲೂ ನನಗೆ ಕೇಳಿಸಿತು.

ಕಸ್ತೂರಬಾಯಿ ಕೈ ತೊಳೆದುಕೊಂಡು ಬಂದರು. "ಸ್ವಾಮಿ ನೋಡ್ಕೋತಾರ ಅಂದಿ. ನನ್ನ ಮೈ ಝುಂ ಅಂತು ನೋಡವಾ. ಕೀಲಿ ಬ್ಯಾಡ ಅನ್ನೋವಷ್ಟು ಭಕ್ತಿ ನಾ ಎಲ್ಲೂ ಕಂಡಿಲ್ಲ. ಆದ್ರ ಕಳ್ಳರಿಗಿ ಅದೆಲ್ಲ ತಿಳಿತೈತೇನು? ನೀ ಆ ಕಡೆ ಹೋದ ಕೂಡ್ಲೇ ಇಲ್ಲಿಗಿ ದೂಡ್ಕೊಂಡು ಬಂದೆ."

"ನಾನು ಭಕ್ತೆ ಅಲ್ಲ ಅಕ್ಕ," ಎಂದೆ. "ದೇವರನ್ನ ನಂಬೋದೇ ಇಲ್ಲ. ನೀವು ಹೇಳಿದ್ದು ನನಗೆ ಅರ್ಥವಾಗಿರಲಿಲ್ಲ."

ಅವರು ಬೀಗ ತೆಗೆದು, ಸರಪಳಿಯನ್ನು ಎಮ್ಮೆಯ ಕೊರಳಿಗೆ ಹಾಕಿ, ನನ್ನ ಕಡೆ ತಿರುಗಿದರು. "ನೀ ನಂಬದಿದ್ರೂ ಗಾಡಿ ಉಳೀತಲ್ಲ. ಆತು ಬಿಡು. ಊಟ ಆತೇನು?"

ಇದಕ್ಕೆ ಪ್ರತಿವಾದವಿದೆ. ಗಾಡಿ ಉಳಿಸಿದವರು ನೀವು, ಸ್ವಾಮಿಯಲ್ಲ ಎನ್ನಬಹುದಿತ್ತು. ಈಗಲೂ ನನ್ನ ಅಭಿಪ್ರಾಯ ಅದೇ. ಆದರೆ ಅವರು ಅಷ್ಟರಲ್ಲಿ ಮಜ್ಜಿಗೆ ತರಲು ಒಳಗೆ ಹೋಗಿದ್ದರು.

ವಾಪಸ್ಸು ಬರುವಾಗ ಗಾಳಿ ಎದುರಿಗಿತ್ತು, ಬಿಸಿಲು ಇಳಿದಿತ್ತು. ದಾರಿಯಲ್ಲಿ ಎಲ್ಲಿಯೂ ಇಳಿಯಲಿಲ್ಲ, ಚಹಕ್ಕೂ ಇಲ್ಲ. ಕಾಕಾ ಓಣಿಯ ಬಾಯಲ್ಲೇ ನಿಂತಿದ್ದರು. ಸೀಟಿನ ಮೇಲೆ ಕೈಯಾಡಿಸಿ, "ಬಂದ್ರಿ, ಛಲೋ ಆತು," ಎಂದರು. ಗಾಡಿಗೋ ನನಗೋ ತಿಳಿಯಲಿಲ್ಲ. ಅಲ್ಲಿಯವರೆಗೆ ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲವಂತೆ. ಕಡಕ್ ರೊಟ್ಟಿ, ಶೇಂಗಾ ಚಟ್ನಿಯ ಊಟದಲ್ಲಿ ಅವರೇ ಕಥೆ ಶುರು ಮಾಡಿದರು. ನಾನು ಸರಪಳಿ ಹಿಡಿದು ದರ್ಶನದ ಸಾಲಿನಲ್ಲಿ ನಿಂತ ದೃಶ್ಯವನ್ನು ಎದ್ದು ನಿಂತು ತೋರಿಸಿದಾಗ ಸುವರ್ಣಳಿಗೆ ನಕ್ಕು ನಕ್ಕು ಬಿಕ್ಕಳಿಕೆ ಬಂತು.

ಮಾರನೆಯ ಬೆಳಿಗ್ಗೆ ಆಟೊ ಹತ್ತಿ ಸ್ಟೇಶನ್ನಿಗೆ ಹೊರಟೆ. ಪೇಟೆಯ ತಿರುವಿನಲ್ಲಿ ನಮ್ಮ ಮುಂದೆ ಟವೆಲಿನ ಗುಡ್ಡವೊಂದು ನಿಧಾನವಾಗಿ ಹೋಗುತ್ತಿತ್ತು. ಅದರ ಮೇಲೆ ಕಾಕಾ ಅವರ ಬಿಳಿ ಟೋಪಿಯ ತುದಿ ಮಾತ್ರ ಕಾಣುತ್ತಿತ್ತು. ಆಟೊದವನು ಹಾರ್ನ್ ಒತ್ತಿ ಪಕ್ಕಕ್ಕೆ ನುಗ್ಗಲು ನೋಡಿದ. ರೈಲಿಗೆ ಹೊತ್ತಾಗುತ್ತಿತ್ತು. ಆದರೂ, ಬೇಡ, ಅವರು ಮೊದಲು ಹೋಗಲಿ ಎಂದೆ.