ಕಿವಿಯ ಮೇಲಿನ ಕೆಂಪು ನೂಲು

ಶಂಕ್ರಪ್ಪ ಕಾಕಾನ ಬಲಗಿವಿಯ ಮೇಲೆ ಸದಾ ಒಂದೆಳೆ ಕೆಂಪು ರೇಷ್ಮೆ ನೂಲು ಇರುತ್ತಿತ್ತು. ಬಡಿಗರು ಪೆನ್ಸಿಲ್ಲು ಸಿಕ್ಕಿಸಿಕೊಳ್ಳುತ್ತಾರಲ್ಲ, ಹಾಗೆ. ಇಳಕಲ್ಲಿನ ಬಜಾರದಲ್ಲಿ ಅವನದು ಹಾರ್ಡ್‌ವೇರ್ ಅಂಗಡಿ. ಮಗ್ಗದ ಮೊಳೆ, ತಿರುಪು, ಕಲ್ಲುಗಣಿಯ ಸರಪಳಿ, ಕೊಕ್ಕೆ, ಎಲ್ಲ ಅಲ್ಲಿ ಸಿಗುತ್ತಿದ್ದವು. ಆದರೆ ಕೇಳಿದ ಕೂಡಲೇ ಸಿಗುತ್ತಿರಲಿಲ್ಲ. ಕಾಕಾ ಮೊದಲು ಕಿವಿಯ ಮೇಲಿನ ನೂಲು ತೆಗೆದು ಮೊಳೆಯ ತಲೆ, ತುದಿ, ಅಂಚುಗಳ ಮೇಲೆ ಮೆಲ್ಲಗೆ ಎಳೆದು ನೋಡಬೇಕು. ನೂಲು ಎಲ್ಲಾದರೂ ಸಿಕ್ಕಿತೋ, ಗಿರಾಕಿ ಕೆಟ್ಟ! ಅರ ಹಿಡಿದು ತಿಕ್ಕುತ್ತ ಕೂತುಬಿಡುತ್ತಿದ್ದ.

"ಒಂದ್ ಮೊಳಿ ಚೂಪ ಇದ್ರ ಎಂಟ್ ದಿನದ ನೇಯ್ಗಿ ಹರದ ಹೋಗತೈತಿ," ಎನ್ನುತ್ತಿದ್ದ. ನೇಕಾರರಿಗೆ ಈ ಮಾತು ತಿಳಿಯುತ್ತಿತ್ತು. ಉಳಿದವರು ಬೈದುಕೊಂಡು ಪಕ್ಕದ ಅಂಗಡಿಗೆ ಹೋಗುತ್ತಿದ್ದರು.

ಬೈದುಕೊಂಡು ಹೋದವರಲ್ಲಿ ನಾನೂ ಒಬ್ಬ. ನನಗೆ ಮೊದಲಿನಿಂದಲೂ ಸಿಟ್ಟು ಮೂಗಿನ ತುದಿಯಲ್ಲೇ. ಹುನಗುಂದದವನಾದರೂ ನೌಕಾದಳದಲ್ಲಿ ಮುಳುಗುಗಾರನಾಗಿದ್ದು, ಎಪ್ಪತ್ತರ ದಶಕದ ಕೊನೆಗೆ ಊರ ಕಡೆ ಬಂದು ಇಳಕಲ್ಲಿನಲ್ಲಿ ಅವ್ವನೊಂದಿಗೆ ಮನೆ ಮಾಡಿದವನು. ಸಮುದ್ರ ಕಂಡವನು ಎಂಬ ಸೊಕ್ಕು ಬೇರೆ. ಗುಜರಿಯಲ್ಲಿ ಸಿಕ್ಕ ಹಳೆಯ ಗಾಳಿ ಸಿಲಿಂಡರು, ಉಸಿರಾಟದ ಕೊಳವೆ ಕೊಂಡು ತಂದಿದ್ದೆ. ಇಳಕಲ್ಲಿನ ಸುತ್ತ ನೀರು ತುಂಬಿದ ಕಲ್ಲುಗಣಿಗಳು ಎಷ್ಟೋ. ಅವುಗಳಲ್ಲಿ ಮುಳುಗಿದ ಪಂಪು, ಸರಪಳಿ ಎತ್ತಿಕೊಟ್ಟು ಬದುಕುವ ಲೆಕ್ಕಾಚಾರ. ಒಂದೇ ಕೊರತೆ ಇತ್ತು. ಸಿಲಿಂಡರನ್ನು ಬೆನ್ನಿನ ತಗಡಿಗೆ ಬಿಗಿಯುವ ಉಕ್ಕಿನ ಪಟ್ಟಿಗಳ ಬೋಲ್ಟು ತುಕ್ಕು ತಿಂದು ಹೋಗಿದ್ದವು.

"ಇದೇನಲೇ ತಮ್ಮಾ, ವೆಲ್ಡಿಂಗ್ ಟಾಕಿ ಬೆನ್ನಿಗಿ ಕಟಗೊಂಡ ಹೊಂಟಿ?" ಎಂದ ಕಾಕಾ.

ವಿಷಯ ಹೇಳಿದೆ. ಅವನ ಮುಖ ಸಣ್ಣದಾಯಿತು. "ಶಿವನ! ನಾ ಹಂಡೇದಾಗ ಇಣುಕಾಕ ಅಂಜತೇನಿ." ಆಮೇಲೆ ಡಬ್ಬಿಯೊಂದನ್ನು ಸುರುವಿ, ಹೊಳೆಯುವ ಬೋಲ್ಟುಗಳಿಗೆ ಅಯಸ್ಕಾಂತ ಹಿಡಿದ. ಟಪ್ಪನೆ ಅಂಟಿಕೊಂಡವು. "ಇವು ಕಬ್ಬಿಣ. ಮ್ಯಾಲಷ್ಟ ಹೊಳಪು. ನಿನಗ ಬ್ಯಾಡ."

"ಹಿತ್ತಾಳೀವು ಕೊಡು ಹಂಗಾರ."

"ಪಟ್ಟಿ ಉಕ್ಕಿಂದು, ಬೋಲ್ಟು ಹಿತ್ತಾಳೀದು, ನೀರಾಗ ಇಬ್ಬರಿಗೂ ಜಗಳ ಹತ್ತಿ ಒಂದನ್ನ ಇನ್ನೊಂದು ತಿಂತೈತಿ. ತುಕ್ಕ ಹಿಡೀಲಾರದ ಸ್ಟೀಲಿನ ಬೋಲ್ಟು, ಒಳಗ ನೈಲಾನ್ ಉಂಗುರ ಇರೂ ನಟ್ಟು, ಹುಬ್ಬಳ್ಳಿಯಿಂದ ತರಸ್ತೇನಿ. ಆ ನಟ್ಟು ತಾನಾಗಿ ಬಿಚ್ಚೂದಿಲ್ಲ. ಹದಿನೈದ್ ದಿನ ತಡಿ."

"ಹದಿನೈದ್ ದಿನ? ಎರಡ್ ಬೋಲ್ಟಿಗಿ?"

ಕಾಕಾಗೆ ಸಿಟ್ಟೇ ಬರಲಿಲ್ಲ. ಇಳಕಲ್ ಸೀರೆಯ ಒಡಲಿನ ಹಾಸುನೂಲು ಬೇರೆ, ಸೆರಗಿನ ಹಾಸುನೂಲು ಬೇರೆ. ಎರಡನ್ನೂ ಎಳೆಗೆ ಎಳೆ ಕೊಂಡಿ ಹಾಕಿ ಕೂಡಿಸುತ್ತಾರೆ. ಅದನ್ನೇ ನೆನಪಿಸಿದ. "ಸೀರಿ ಎಷ್ಟ ಛಲೋ ಇದ್ರೂ ಕೊಂಡಿ ಸಡ್ಲಾದ್ರ ಸೆರಗ ಕೈಯಾಗ ಬರತೈತಿ. ನೀ ಮ್ಯಾಲ ಬರೂದು ಈ ಎರಡ್ ಬೋಲ್ಟಿನ ಮ್ಯಾಲ ಐತಿ ತಮ್ಮಾ."

ನಾನು ಕೇಳಲಿಲ್ಲ. ಪಕ್ಕದ ಅಂಗಡಿಯಲ್ಲಿ ಅಂಥವೇ ಹೊಳೆಯುವ ಬೋಲ್ಟು ಕೊಂಡು ಮೂರನೆಯ ದಿನವೇ ಗಣಿಗೆ ಇಳಿದೆ. ತಳದಲ್ಲಿ ಪಂಪಿಗೆ ಹಗ್ಗ ಬಿಗಿಯುತ್ತಿದ್ದಾಗ ಬೆನ್ನಿನಲ್ಲಿ ಏನೋ ಸರಿಯಿತು. ನಟ್ಟು ಸಡಿಲಾಗಿ ಸಿಲಿಂಡರು ಪಟ್ಟಿಯಿಂದ ಜಾರಿತು. ಜಗ್ಗಿದ ರಭಸಕ್ಕೆ ಬಾಯಿಯ ಕೊಳವೆಯೇ ಕಿತ್ತು ಬಂತು. ಹೇಗೆ ಮೇಲೆ ಬಂದೆನೋ ಇವತ್ತಿಗೂ ಹೇಳಲಾರೆ. ಬಂದಾಗ ತುಟಿ ಸೀಳಿತ್ತು.

ಮರುದಿನ ಕಾಕಾ ಬಜಾರದಲ್ಲಿ ಹಿಡಿದು ನಿಲ್ಲಿಸಿದ. "ತುಟಿಗೇನಾತು?"

"ಬಾಗಿಲಾ ಬಡೀತು ಕಾಕಾ."

ಅವನು ನನ್ನೊಂದಿಗೆ ಮನೆಗೆ ಬಂದು, ಮೂಲೆಯಲ್ಲಿ ಬಿದ್ದಿದ್ದ ಪಟ್ಟಿಯನ್ನು ಬೆಳಕಿಗೆ ಹಿಡಿದ. ಬೋಲ್ಟಿನ ತಿರುಪಿನ ಗೆರೆಗಳು ಸವೆದುಹೋಗಿದ್ದವು. ಬೈಯುತ್ತಾನೆ ಅಂದುಕೊಂಡೆ. ಬೈಯಲಿಲ್ಲ. ನನ್ನ ತಲೆಯ ಮೇಲೆ ಕೈ ಇಟ್ಟು, "ನಿಮ್ಮವ್ವಗ ಏನ್ ಹೇಳ್ಬೇಕಿತ್ತು ನಾನು?" ಎಂದ. ನನಗೆ ನಾಚಿಕೆಯಾಯಿತು, ಅಳುವೂ ಬಂತು.

ಹದಿನೈದು ದಿನದ ಮೇಲೆ ಸ್ಟೀಲಿನ ಬೋಲ್ಟು ಬಂದವು. ಕಾಕಾ ಉದ್ದ ಹೆಚ್ಚಿದ್ದುದನ್ನು ಕತ್ತರಿಸಿ, ತುದಿಗೆ ಅರ ಹಾಕಿ, ನೂಲು ಎಳೆದು, ನಟ್ಟು ಬಿಗಿದ. ಕಡೆಯ ಒಂದು ಸುತ್ತು ಉಳಿಸಿ ಪಾನಾ ನನ್ನ ಕೈಗೆ ಕೊಟ್ಟ. "ನೀರಿಗಿ ಇಳಿಯಾಂವ ನೀನು. ಕಡೀ ಸುತ್ತು ನಿಂದು."

ಅಂದಿನಿಂದ ನಾನು ಎಲ್ಲಿ ಇಳಿದರೂ ಕಾಕಾ ಅಂಗಡಿ ಮುಚ್ಚಿ ಬರುತ್ತಿದ್ದ. ಕೆರೂರಿನ ಕಡೆಯ ಬಾವಿಯೊಂದಕ್ಕೂ ಬಸ್ಸು ಹಿಡಿದು ಬಂದಿದ್ದ. ದಂಡೆಯ ಮೇಲೆ ಮತ್ತೊಮ್ಮೆ ನೂಲು ಎಳೆದು ನೋಡಿ, ಕಲ್ಲೊಂದರ ಮೇಲೆ ನೀರಿಗೆ ಬೆನ್ನು ಮಾಡಿ ಕೂರುತ್ತಿದ್ದ. ನೀರು ನೋಡುವ ಧೈರ್ಯ ಅವನಿಗಿರಲಿಲ್ಲ. ನಾನು ಮೇಲೆ ಬಂದ ಸಪ್ಪಳವಾದರೆ ತಿರುಗದೆಯೇ ಕೇಳುತ್ತಿದ್ದ:

"ಬಂದ್ಯಾ?"

"ಬಂದೆ ಕಾಕಾ."

ಆಗಷ್ಟೇ ಅವನು ತಿರುಗಿ ನೋಡುತ್ತಿದ್ದ. ಗಣಿಯ ಆಳುಗಳು ನಗುತ್ತಿದ್ದರು. "ನಗ್ರಿ, ನಗ್ರಿ. ಅಂವ ಬಂದಾನಲ್ಲ, ಸಾಕು," ಎಂದು ತಾನೂ ನಕ್ಕು ಎಲೆ ಅಡಿಕೆ ಬಾಯಿಗೆ ಹಾಕಿಕೊಳ್ಳುತ್ತಿದ್ದ.

ಹತ್ತು ವರ್ಷ ಹೀಗೇ ನಡೆಯಿತು. ಆಮೇಲೆ ಅವನಿಗೆ ಲಕ್ವಾ ಹೊಡೆಯಿತು. ಮಾತು ಉಳಿಯಿತು, ಬೆರಳ ಸ್ಪರ್ಶ ಉಳಿಯಲಿಲ್ಲ. ದೊಡ್ಡ ಗಣಿಯೊಂದಕ್ಕೆ ಇಳಿಯುವ ಹಿಂದಿನ ದಿನ ಹೊಸ ಬೋಲ್ಟು ತೆಗೆದುಕೊಂಡು ಅವನ ಹಾಸಿಗೆಯ ಬಳಿ ಕೂತೆ. ನೂಲು ಕಿವಿಯ ಮೇಲೇ ಇತ್ತು. ಅದನ್ನು ತೆಗೆದು ಬೋಲ್ಟಿನ ಮೇಲೆ ಎಳೆದ. ನೂಲು ಅಂಚಿಗೆ ಸಿಕ್ಕಿ ತುಸು ಹಿಂಜಿತು. ನನಗೆ ಕಂಡಿತು; ಅವನ ಬೆರಳಿಗೆ ತಿಳಿಯಲಿಲ್ಲ.

"ಸಿಕ್ಕಿತೇನಲೇ?" ನನ್ನ ಮುಖ ನೋಡಿ ಕೇಳಿದ.

ಇಲ್ಲ ಎಂದುಬಿಡೋಣ ಅನ್ನಿಸಿತು. ಅವನ ಮನಸ್ಸು ನೋಯಿಸುವುದು ಬೇಡವಾಗಿತ್ತು. ಆದರೆ ಒಮ್ಮೆ ಸುಳ್ಳು ಹೇಳಿದ್ದು ಸಾಕಾಗಿತ್ತು.

"ಸಿಕ್ಕಿತು ಕಾಕಾ."

ಅವನು ನಕ್ಕ. "ಛಲೋ ಆತು. ನಿನಗ ಕಾಣಾಕ ಹತ್ತೇತಿ. ಇನ್ನ ನನಗ ಅಂಜಿಕಿಲ್ಲ." ಆ ನೂಲನ್ನು ನನ್ನ ಅಂಗೈಯಲ್ಲಿಟ್ಟು ಬೆರಳು ಮಡಚಿದ. ನಾನು ಅಲ್ಲೇ ಕೂತು ಅರ ಹಾಕಿದೆ. ಅವನು ಆ ಸಪ್ಪಳ ಕೇಳುತ್ತ ಕಣ್ಣು ಮುಚ್ಚಿದ್ದ.

ಆ ಗಣಿಯ ಕೆಲಸ ಮಳೆಯಿಂದ ಒಂದು ವಾರ ಮುಂದೆ ಹೋಯಿತು. ಅಷ್ಟರಲ್ಲಿ ಕಾಕಾ ತೀರಿಕೊಂಡ. ಮಣ್ಣು ಮಾಡಿ ಬಂದ ನಾಲ್ಕನೆಯ ದಿನ ಇಳಿದೆ. ನೂಲು ಎಳೆದು ನೋಡಿದೆ, ಕಡೆಯ ಸುತ್ತು ಬಿಗಿದೆ. ಪಟ್ಟಿ ಕೂದಲೆಳೆಯಷ್ಟೂ ಅಲುಗಲಿಲ್ಲ. ಕೆಲಸ ಮುಗಿಸಿ ಮೇಲೆ ಬಂದು ಬಾಯಿಯ ಕೊಳವೆ ತೆಗೆದೆ. ಆಳುಗಳು ಹಗ್ಗ ಎಳೆಯುವ ಗದ್ದಲದಲ್ಲಿದ್ದರು. ದಂಡೆಯ ಕಲ್ಲಿನ ಮೇಲೆ ಯಾರೂ ಇರಲಿಲ್ಲ. ಯಾರೂ ಕೇಳಲಿಲ್ಲ.

"ಬಂದೆ ಕಾಕಾ," ಅಂದೆ.