ಹಸಿರು ಗಾಡಿಯ ಮಿಸ್ತ್ರಿ

ಹಳೇಹುಬ್ಬಳ್ಳಿಯ ಅಬ್ದುಲಮಜೀದ ಮಿಸ್ತ್ರಿಗೆ ಸುಳ್ಳು ಹೇಳಲು ಬರುವುದಿಲ್ಲ. "ಸಂಜೀಕ ಗಾಡಿ ಸಿಗತೈತೇನ್ರಿ?" ಎಂದು ಗಿರಾಕಿ ಕೇಳಿದರೆ ಬೇರೆ ಮಿಸ್ತ್ರಿಗಳು ಕಣ್ಣು ಮುಚ್ಚಿ ಹೂಂ ಅನ್ನುತ್ತಾರೆ. ಈ ಪುಣ್ಯಾತ್ಮ ಮಾತ್ರ "ಇಲ್ರಿ, ನಾಡಿದ್ದ ಬರ್ರಿ" ಎಂದು ಬಂದ ಗಿರಾಕಿಯನ್ನೇ ವಾಪಸು ಕಳಿಸಿಬಿಡುತ್ತಾನೆ. ಅರವತ್ತೊಂಬತ್ತು ವರ್ಷದ ಬಾಳಿನಲ್ಲಿ ಅವನು ಹೇಳಿದ ದೊಡ್ಡ ಸುಳ್ಳು ಒಂದೇ ಒಂದು. ಆ ಒಂದೇ ಸುಳ್ಳು ಅವನ ಕೆಲಸ, ಹೆಸರು, ಹೆಂಡತಿಯ ನೆಮ್ಮದಿ ಎಲ್ಲವನ್ನೂ ತಿಂದು ನೀರು ಕುಡಿಯಿತು.

ದೇಶಪಾಂಡೆ ನಗರದ ಹತ್ತಿ ವ್ಯಾಪಾರಿ ಮುರುಗೆಪ್ಪನವರ ಹಿತ್ತಲಿನ ತಗಡಿನ ಶೆಡ್ಡಿನಲ್ಲಿ ಒಂದು ಇಂಗ್ಲಿಷ್ ಕಾರು ಇತ್ತು. ೧೯೫೭ರ ಎಂ.ಜಿ. ಎರಡೇ ಸೀಟು, ತಲೆಯ ಮೇಲೆ ಸೂರಿಲ್ಲ, ಬಣ್ಣ ಹಸಿರು. ಮುರುಗೆಪ್ಪನವರ ಅಪ್ಪ ಪುಣೆಯ ಪಾರ್ಸಿ ಡಾಕ್ಟರೊಬ್ಬರಿಂದ ಕೊಂಡು ತಂದದ್ದು. ರಸ್ತೆಯ ಮೇಲೆ ಓಡಿದ್ದಕ್ಕಿಂತ ಶೆಡ್ಡಿನಲ್ಲಿ ಬಿಚ್ಚಿ ಹರವಿಕೊಂಡು ಕೂತದ್ದೇ ಹೆಚ್ಚು. "ಇದು ಗಾಡಿ ಅಲ್ರಿ, ಮನಿ ಅಳಿಯಾ. ಎಷ್ಟ ಉಪಚಾರ ಮಾಡಿದ್ರೂ ಮಾರಿ ಗಂಟ ಹಾಕ್ಕೊಂಡಽ ಇರತೈತಿ" ಎಂದು ಮುರುಗೆಪ್ಪನವರ ಹೆಂಡತಿ ಸಂಗವ್ವ ನಗುತ್ತಿದ್ದರು.

ಆ ಅಳಿಯನ ಉಪಚಾರಕ್ಕೆ ಮಜೀದ ಪ್ರತಿ ರವಿವಾರ ಹೋಗುತ್ತಿದ್ದ. ಒಂದು ವರ್ಷವಲ್ಲ, ಎರಡು ವರ್ಷವಲ್ಲ, ಮೂವತ್ತು ವರ್ಷ. ಊರಿನ ಬೇರೆ ಯಾವ ಮಿಸ್ತ್ರಿಯ ಪಾನಾ ಕೂಡ ಆ ಗಾಡಿಯ ಬೋಲ್ಟುಗಳಿಗೆ ಹೊಂದುತ್ತಿರಲಿಲ್ಲ, ಅದರ ಅಳತೆಯೇ ಬೇರೆ. ಮಜೀದನ ಹತ್ತಿರ ಅವನ ಉಸ್ತಾದ ಕೊಟ್ಟಿದ್ದ ಹಳೆಯ ಇಂಗ್ಲಿಷ್ ಪಾನಾಗಳ ಒಂದು ಡಬ್ಬಿ ಇತ್ತು. ಮುರುಗೆಪ್ಪನವರೇನು ಕುರ್ಚಿ ಹಾಕಿಕೊಂಡು ಕೆಲಸ ನೋಡುವ ಸಾವ್ಕಾರರಲ್ಲ. ಗೋಣಿಚೀಲ ಹಾಸಿ ತಾವೂ ಗಾಡಿಯ ಕೆಳಗೆ ನುಸುಳುವವರೇ. ಮೊದಮೊದಲು ಪಾನಾ ಎತ್ತಿಕೊಡುತ್ತಿದ್ದರು, ಆಮೇಲೆ ಬಿಚ್ಚುವುದನ್ನು ಕಲಿತರು, ಕೊನೆಗೆ ಬಿಗಿಯುವುದನ್ನೂ ಕಲಿತರು. ಇಬ್ಬರ ಮೊಣಕೈಗೂ ಒಂದೇ ಗ್ರೀಸು.

ಸಂಗವ್ವನಿಗೆ ಒಡಹುಟ್ಟಿದ ಅಣ್ಣತಮ್ಮಂದಿರಿರಲಿಲ್ಲ. ನಾಗರಪಂಚಮಿ ಬಂತೆಂದರೆ ಶೇಂಗಾ ಉಂಡಿಯ ಡಬ್ಬಿ ತಂದು ಮಜೀದನ ಮುಂದಿಟ್ಟು "ತಗೋ ಭಾಯಿ, ತವರಮನಿ ಉಂಡಿ ಇವು" ಅನ್ನುವರು. ಮಹಾನವಮಿಯ ಖಂಡೇಪೂಜೆಗೆ ಅವನ ಪಾನಾ ಡಬ್ಬಿ ಆ ಮನೆಯ ಜಗಲಿಯ ಮೇಲೆ, ವಿಭೂತಿ ಹಚ್ಚಿಸಿಕೊಂಡು ಚೆಂಡುಹೂ ಮುಡಿದು ಕೂಡಬೇಕು. ಅದು ಬರುವತನಕ ಸಂಗವ್ವ ಊದಿನಕಡ್ಡಿ ಹಚ್ಚುತ್ತಿರಲಿಲ್ಲ. ಆ 'ಭಾಯಿ' ಎಂಬ ಒಂದು ಮಾತಿಗೆ ಮಜೀದ ಎಷ್ಟು ಸೋತಿದ್ದನೆಂದರೆ, ಅದು ಕಿವಿಗೆ ಬೀಳದ ರವಿವಾರ ಅವನಿಗೆ ರವಿವಾರವೇ ಅಲ್ಲ.

ಇನ್ನು ಆ ಗಾಡಿಯ ಚಕ್ರದ ಮಾತು. ಬೇರೆ ಗಾಡಿಗಳಿಗೆ ನಾಲ್ಕೈದು ನಟ್ಟು ಇದ್ದರೆ ಇದರ ಚಕ್ರಕ್ಕೆ ನಡುಮಧ್ಯೆ ಕಿವಿಯಿದ್ದ ಒಂದೇ ದೊಡ್ಡ ನಟ್ಟು. ತಾಮ್ರದ ಸುತ್ತಿಗೆಯಿಂದ ಕಿವಿಗೆ ಹೊಡೆದು ಬಿಗಿಯಬೇಕು. ಎಡಗಡೆಯ ನಟ್ಟು ತಿರುಗುವ ದಿಕ್ಕು ಒಂದು, ಬಲಗಡೆಯದು ಅದಕ್ಕೆ ತದ್ವಿರುದ್ಧ. ಸರಿಯಾದ ಬದಿಗಿದ್ದರೆ ಗಾಡಿ ಓಡಿದಷ್ಟೂ ನಟ್ಟು ಬಿಗಿಯಾಗುತ್ತದೆ. ನಟ್ಟು ಕೂಡುವ ಹಬ್ ಅದಲುಬದಲಾಯಿತೋ, ಓಡಿದಷ್ಟೂ ತಾನಾಗಿಯೇ ಸಡಿಲಾಗುತ್ತದೆ. ಅದಕ್ಕೇ ಮಜೀದ ಒಂದು ಕಟ್ಟಳೆ ಮಾಡಿದ್ದ. ಬಿಗಿದವನು ತನ್ನ ಕೆಲಸವನ್ನು ತಾನೇ ನೋಡಕೂಡದು, ಇನ್ನೊಬ್ಬ ನೋಡಬೇಕು.

ಹನ್ನೊಂದು ವರ್ಷದ ಹಿಂದೆ, ಸೀಗಿ ಹುಣ್ಣಿಮೆಯ ಹಿಂದಿನ ದಿನ. ಸುಳ್ಳ ಎಂಬ ಹಳ್ಳಿಯಲ್ಲಿ ಮುರುಗೆಪ್ಪನವರ ಹೊಲ ಇತ್ತು. ಹುಣ್ಣಿಮೆಗೆ ಭೂತಾಯಿಗೆ ನೈವೇದ್ಯದ ಚರಗ ಚೆಲ್ಲಿ ಹೊಲದಲ್ಲೇ ಊಟ. ಅಡುಗೆಯ ತಯಾರಿಗೆಂದು ಸಂಗವ್ವ ಮೊದಲೇ ಸುಳ್ಳಕ್ಕೆ ಹೋಗಿದ್ದರು. ಮಗಳು ಧನಶ್ರೀ, ಇಪ್ಪತ್ತೊಂದು ವರ್ಷದವಳು, ಒಬ್ಬಳೇ ಮಗಳು, ಹಸಿರು ಗಾಡಿಯಲ್ಲೇ ಹೊಲಕ್ಕೆ ಹೋಗಬೇಕೆಂದು ಹಟ ಹಿಡಿದಿದ್ದಳು.

"ಕಾಕಾ, ನಾಳೆ ಗಾಡಿ ಹೊಂಡಲಿಲ್ಲಂದ್ರ ನಿಮ್ಮ ಪಾನಾ ಡಬ್ಬಿ ಬಾವ್ಯಾಗ ಒಗೀತೇನಿ ನೋಡ್ರಿ!" ಎಂದು ಚಹಾದ ಕಪ್ಪು ಇಟ್ಟು ಓಡಿದಳು.

ಹಿಂದಿನ ಎರಡೂ ಚಕ್ರದ ಬೇರಿಂಗ್ ಬದಲಿಸಿ ಆಗಿತ್ತು. ಹಬ್ ಕೂಡಿಸುವುದು ಬಾಕಿ. ಅಷ್ಟರಲ್ಲಿ ಮಧ್ಯಾಹ್ನದ ನಮಾಜಿನ ಹೊತ್ತಾಯಿತು. ಮಜೀದ ಕೈ ತೊಳೆದು ಮಸೀದಿಗೆ ಹೋದ. ತಿರುಗಿ ಬರುವಷ್ಟರಲ್ಲಿ ಎರಡೂ ಹಬ್ ಕೂತಿದ್ದವು, ಚಕ್ರ ಏರಿದ್ದವು, ಮುರುಗೆಪ್ಪನವರು ಹತ್ತಿಯ ಅರಳೆಯಿಂದ ಕೈ ಒರೆಸಿಕೊಳ್ಳುತ್ತ ಮದುಮಗನ ಹಾಗೆ ನಿಂತಿದ್ದರು. ಮಜೀದ ಕಟ್ಟಳೆಯಂತೆ ಸುತ್ತಿಗೆ ತೆಗೆದುಕೊಂಡು ಎರಡೂ ನಟ್ಟಿಗೆ ಹೊಡೆದು ನೋಡಿದ. ಕಲ್ಲಿನ ಹಾಗೆ ಬಿಗಿಯಾಗಿದ್ದವು. ಬಿಗಿ ನೋಡಿದ, ಬದಿ ನೋಡಲಿಲ್ಲ. ನಟ್ಟಿನ ಮೇಲಿದ್ದ ಎಡ-ಬಲದ ಅಕ್ಷರಗಳು ದಸರೆಗೆ ಪಾಲಿಶ್ ಮಾಡಿಸಿದಾಗಲೇ ಅಳಿಸಿಹೋಗಿದ್ದವು. ಮೂವತ್ತು ವರ್ಷ ಕಲಿಸಿದ ಕೈ ತಪ್ಪುತ್ತದೆ ಎಂದು ಅವನಿಗೆ ಅನ್ನಿಸಲೇ ಇಲ್ಲ. ಅಯ್ಯೋ, ಒಂದೇ ಒಂದು ಸಲ ಬಗ್ಗಿ ನೋಡಬಾರದಿತ್ತೇ!

ಮರುದಿನ ಬೆಳಿಗ್ಗೆ, ಸುಳ್ಳ ಇನ್ನೆರಡು ಮೈಲಿ ಇರುವಾಗ, ಹಿಂದಿನ ಚಕ್ರ ಕಳಚಿ, ಅಪ್ಪ-ಮಗಳು ಕೂತಿದ್ದ ಗಾಡಿ ಗೋವಿನಜೋಳದ ಹೊಲಕ್ಕೆ ಮಗುಚಿ ಬಿತ್ತು. ಮುರುಗೆಪ್ಪನವರ ಸೊಂಟ ಮುರಿಯಿತು. ಧನಶ್ರೀ ದವಾಖಾನೆ ಮುಟ್ಟಲಿಲ್ಲ.

ನುಜ್ಜಾದ ಗಾಡಿಯನ್ನು ಶೆಡ್ಡಿಗೆ ತಂದು ಹಾಕಿದಾಗ ಮಜೀದ ಹೋಗಿ ನೋಡಿದ. ಮುಟ್ಟುವ ಮೊದಲೇ ಗೊತ್ತಾಯಿತು. ಎಡಗಡೆ ಇರಬೇಕಾದ ಹಬ್ ಬಲಕ್ಕಿತ್ತು, ಬಲದ್ದು ಎಡಕ್ಕೆ. ಅವನು ಅಲ್ಲೇ ತಲೆ ಬಡಿದುಕೊಂಡು ಅತ್ತ. ಮಗಳ ಸಾವನ್ನೇ ಹೊರಲಾರದ ಅಪ್ಪ, ಆ ಸಾವು ತನ್ನ ಕೈಯಿಂದಲೇ ಆಯಿತೆಂದು ಗೊತ್ತಾದರೆ ಉಳಿಯುತ್ತಾನೆಯೇ? ಬಾವಿ ಹುಡುಕುತ್ತಾನೆ, ಇಲ್ಲ ಹಗ್ಗ ಹುಡುಕುತ್ತಾನೆ. ಕೆಟ್ಟ ಹೆಸರು ಹೊತ್ತು ತಾನಾದರೂ ಬದುಕಿಯೇನು ಎಂದುಕೊಂಡ.

ದವಾಖಾನೆಯಲ್ಲಿ ಸಂಗವ್ವ ಗಂಡನ ಮಂಚದ ಪಕ್ಕದಲ್ಲಿ ಕೂತಿದ್ದರು. ಮುರುಗೆಪ್ಪನವರು ಮಜೀದನ ಕೈ ಹಿಡಿದು ಕೇಳಿದರು, "ಮಜೀದ, ಚಕ್ರ ಯಾಕ ಕಳಚಿತೋ? ಹಬ್ ನಾನಽ ಕುಂಡ್ರಿಸಿದ್ನೆಲ್ಲೋ. ಖರೇ ಹೇಳು."

"ನಿಮ್ಮದೇನೂ ತಪ್ಪಿಲ್ರಿ ಅಣ್ಣಾರ. ನೀವು ಕುಂಡ್ರಿಸಿದ್ದು ಬರೋಬ್ಬರಿ ಇತ್ತು. ಮುಂದ ನೀವು ಊಟಕ್ಕ ಒಳಗ ಹ್ವಾದಾಗ ನಾ ಗ್ರೀಸ್ ಹಚ್ಚಾಕ ಮತ್ತ ಬಿಚ್ಚಿದೆ. ತಿರುಗಿ ಹಾಕೂಮುಂದ ಅದಲಬದಲ ಮಾಡಿದೆ. ತಪ್ಪು ನಂದು."

ಮುರುಗೆಪ್ಪನವರು ಅವನನ್ನೇ ದಿಟ್ಟಿಸಿ ನೋಡಿದರು. ಆಮೇಲೆ ಕೈ ಬಿಟ್ಟು ಗೋಡೆಯ ಕಡೆ ಮುಖ ಮಾಡಿದರು. ಎದ್ದು ನಿಂತವರು ಸಂಗವ್ವ.

"ಉಂಡಿ ಕೊಟ್ಟು ಸಾಕಿದ್ನೆಲ್ಲೋ ನಿನ್ನ! ನನ್ನ ಕೂಸನ್ನ ತಿಂದಿ. ನಿನ್ನ ಕೈ ಸೇದಿಹೋಗಲಿ!"

ಮೂರನೆಯ ದಿನ ಆ ಮನೆಯಿಂದ ಪಾನಾ ಡಬ್ಬಿ ಹಳೇಹುಬ್ಬಳ್ಳಿಗೆ ವಾಪಸು ಬಂತು. ಖಂಡೇಪೂಜೆಯ ಚೆಂಡುಹೂ ಒಣಗಿ ಇನ್ನೂ ಅದರ ಹಿಡಿಕೆಗೆ ಅಂಟಿಕೊಂಡಿತ್ತು.

ಮನೆಯವರು ಫಿರ್ಯಾದಿ ಕೊಡಲಿಲ್ಲ. ಪೊಲೀಸರು ಅಪಘಾತ ಎಂದು ಬರೆದುಕೊಂಡು ಹೋದರು. ಊರ ಬಾಯಿಗೆ ಬೀಗ ಹಾಕುವವರು ಯಾರು? ಮಜೀದನ ಅಂಗಳಕ್ಕೆ ಗಾಡಿ ಬರುವುದು ನಿಂತಿತು. ಅರವತ್ತರ ಹೊಸ್ತಿಲಲ್ಲಿ ಅವನು ಇನ್ನೊಬ್ಬರ ಗ್ಯಾರೇಜಿನಲ್ಲಿ ಸ್ಕೂಟರಿನ ಪಂಕ್ಚರ್ ತಿದ್ದಲು ಕೂತ. ಉಪ್ಪು ತಿಂದವನು ನೀರು ಕುಡಿಯಲೇಬೇಕು ಎನ್ನುತ್ತಾರೆ. ಇಲ್ಲಿ ತಿಂದವರೊಬ್ಬರು, ಕುಡಿದವನು ಇನ್ನೊಬ್ಬ.

ಅವನ ಹೆಂಡತಿ ಗುಲ್ಜಾರಬಿಗೆ ಮಾತ್ರ ಖರೇ ಸಂಗತಿ ಗೊತ್ತಿತ್ತು. ಸಂತೆಯಲ್ಲಿ ಹೆಂಗಸರು "ಹುಡುಗೀನ ಕೊಂದಾವನ ಹೇಣ್ತಿ ಬಂದ್ಳು" ಎಂದು ಬೆನ್ನ ಹಿಂದೆ ಅಂದಾಗ ತಲೆ ತಗ್ಗಿಸಿಕೊಂಡು ಬರುತ್ತಿದ್ದಳು. "ಉಪಕಾರ ಮಾಡಿದವರು ನೀವು. ಅದರ ಉಗುಳು ಬೀಳೂದು ನನ್ನ ಮಾರಿ ಮ್ಯಾಲೆ" ಎಂದು ಒಮ್ಮೆ ಸಿಡಿದೆದ್ದಿದ್ದಳು. ನಾಲ್ಕು ವರ್ಷದ ಹಿಂದೆ ಹಾಸಿಗೆ ಹಿಡಿದಾಗ ಕೇಳಿದ್ದೂ ಅದನ್ನೇ. "ಯಾರಿಗೂ ಬ್ಯಾಡ, ಸಂಗವ್ವಗರ ಹೇಳ್ರಿ. ಆಕಿ ಶಾಪ ಹೊತ್ಕೊಂಡು ನಾ ಹೆಂಗ ಹೋಗಲಿ?" ಮಜೀದ ಹೇಳಲಿಲ್ಲ. ಗುಲ್ಜಾರಬಿ ಹೋದಳು. ಆ ದಿನದಿಂದ ಮಜೀದನಿಗೆ ಉಳಿದ ಆಸೆ ಒಂದೇ. ಸಾಯುವುದರೊಳಗೆ ಸಂಗವ್ವನ ಬಾಯಿಂದ ಒಮ್ಮೆ 'ಭಾಯಿ' ಅನ್ನಿಸಿಕೊಳ್ಳಬೇಕು. ಅದೂ ಬಾಯಿಬಿಟ್ಟು ಏನೂ ಹೇಳದೆ. ಎಂಥ ಹುಚ್ಚು ನೋಡಿ.

ಈ ವರ್ಷ ಕಾರ್ತೀಕದಲ್ಲಿ ಮುರುಗೆಪ್ಪನವರ ಅಣ್ಣನ ಮಗ ಬಸವಕಿರಣ ಮಜೀದನ ಮನೆಗೆ ಬಂದ. "ಕಾಕಾ ಕರಿಯಾಕತ್ತಾರ್ರಿ. ಗಾಡಿ ಕೊಲ್ಲಾಪುರದವ್ರಿಗೆ ಕೊಟ್ಟಾರ. ಲಾರಿಗೆ ಏರಿಸಬೇಕು, ಹಬ್ ಬಿಚ್ಚಿ ಚಕ್ರ ಹಾಕಾಕ ಯಾರ ಕಡೇನೂ ಪಾನಾ ಇಲ್ಲ" ಎಂದ. ಮಜೀದ ದಾಡಿ ಒಪ್ಪ ಮಾಡಿಕೊಂಡು, ಈದಿನ ಅಂಗಿ ತೊಟ್ಟು ಹೊರಟ. ಗ್ರೀಸಿನ ಕೆಲಸಕ್ಕೆ ಈದಿನ ಅಂಗಿ!

ಶೆಡ್ಡಿನಲ್ಲಿ ಮುರುಗೆಪ್ಪನವರು ಗಾಲಿಕುರ್ಚಿಯಲ್ಲಿ ಕೂತಿದ್ದರು. ಹಿತ್ತಲ ಮೆಟ್ಟಿಲ ಮೇಲೆ ಸೊಪ್ಪು ಸೋಸುತ್ತಿದ್ದ ಸಂಗವ್ವ ಇವನನ್ನು ಕಂಡವರೇ ಮೊರ ಎತ್ತಿಕೊಂಡು ಒಳಗೆ ಹೋದರು. ಮಜೀದ ಗೋಣಿಚೀಲ ಹಾಸಿ ಕೂತು, ಹಬ್‌ಗೆ ಹಿಡಿದ ಜಂಗು ಉಜ್ಜತೊಡಗಿದ. ಜಂಗು ಸರಿದು ಹಬ್ ಕಂಡಾಗ ಮುರುಗೆಪ್ಪನವರು ತಗ್ಗಿದ ದನಿಯಲ್ಲಿ ಹೇಳಿದರು.

"ಬಲಗಡೀದು ಎಡಕ್ಕ ಐತಿ ನೋಡು. ನಾನಽ ಹಾಕಿದ್ದೆ."

ಮಜೀದನ ಕೈ ನಿಂತಿತು.

"ಅವತ್ತ ನಾ ಊಟಾನಽ ಮಾಡಿದ್ದಿಲ್ಲೋ ಮಜೀದ. ಶೆಡ್ ಬಿಟ್ಟು ಒಂದ್ ಹೆಜ್ಜಿ ಕದಲಿದ್ದಿಲ್ಲ. ದವಾಖಾನ್ಯಾಗ ನೀ ಬಾಯಿ ತಗದಾಗಽ ಗೊತ್ತಾತು, ನೀ ಸುಳ್ಳ ಹೇಳಾಕತ್ತಿ ಅಂತ."

"ಗೊತ್ತಿತ್ತ? ಹನ್ನೊಂದ್ ವರ್ಷ ಗೊತ್ತಿತ್ತ?"

"ಗೊತ್ತಿತ್ತು."

ಅಪ್ಪನ ಜೀವ ಉಳಿಸಲು ಆಡಿದ ಸುಳ್ಳು ಆ ಅಪ್ಪನಿಂದ ಏನನ್ನೂ ಮುಚ್ಚಿಟ್ಟಿರಲೇ ಇಲ್ಲ. ಮಜೀದ ಗೋಣಿಚೀಲದಿಂದ ಎದ್ದು ನಿಂತ.

"ನನ್ನ ಹೇಣ್ತಿ ಆ ಶಾಪ ಹೊತ್ಕೊಂಡಽ ಮಣ್ಣಿಗೆ ಹೋದ್ಳು ಅಣ್ಣಾರ. ಒಂದ್ ಸಲ, ಒಂದಽ ಸಲ ಕರಿಬೇಕಂತ ಅನಸಲಿಲ್ಲ ನಿಮಗ?"

"ನಿನ್ನ ಮಾರಿ ನೋಡಿದ್ರ ನನ್ನ ಕೈ ಕಾಣತಿತ್ತೋ" ಎಂದು ಮುರುಗೆಪ್ಪನವರು ಬಿಕ್ಕಿದರು.

ಮಜೀದ ಸಂಗವ್ವ ಹೋದ ಬಾಗಿಲ ಕಡೆ ನೋಡಿ, ಕಣ್ಣೊರೆಸಿಕೊಂಡು ಕೇಳಿದ, "ಆತು. ಈಗರ ವೈನ್ಯಾರಿಗೆ ಒಂದ್ ಮಾತು ಹೇಳ್ರಿ. ಬ್ಯಾರೆ ಏನೂ ಬ್ಯಾಡ ನನಗ."

"ಆಕೀನಽ ನನ್ನ ಕೈಕಾಲು. ಹೇಳಿದ್ರ ನನಗ ಹನಿ ನೀರು ಕೊಡೂದಿಲ್ಲ ಆಕಿ. ನಾ ಹ್ವಾದಮ್ಯಾಲೆ ನೀನಽ ಹೇಳು, ಮಜೀದ. ಕೈ ಮುಗೀತೇನಿ."

"ನೀವು ಹ್ವಾದಮ್ಯಾಲೆ ನಾ ಹೇಳಿದ್ರ ಯಾರು ನಂಬತಾರ್ರಿ?"

ಮುರುಗೆಪ್ಪನವರು ಮುಗಿದ ಕೈ ಇಳಿಸಲಿಲ್ಲ. ಹೇಡಿ ಎಂದು ಬೈಯೋಣವೆಂದರೆ ಕತೆ ಹೇಳುವ ನನ್ನ ನಾಲಗೆಯೂ ಏಳುವುದಿಲ್ಲ. ಮಗಳನ್ನು ಕಳೆದುಕೊಂಡು, ನಡೆಯುವ ಕಾಲನ್ನೂ ಕಳೆದುಕೊಂಡವರು. ಆದರೂ ಸಿಟ್ಟು ಇಳಿಯುವುದಿಲ್ಲ. ಮಜೀದ ಹಬ್‌ಗಳನ್ನು ಬಿಚ್ಚಿ, ಎಡದ್ದನ್ನು ಎಡಕ್ಕೆ, ಬಲದ್ದನ್ನು ಬಲಕ್ಕೆ ಕೂಡಿಸಿ, ಚಕ್ರ ಏರಿಸಿ ಬಿಗಿದ. ಬಸವಕಿರಣ ಮತ್ತು ಲಾರಿಯವರು ಗಾಡಿಯನ್ನು ತಳ್ಳಿಕೊಂಡು ಹೋಗಿ ಲಾರಿಗೆ ಏರಿಸಿದರು.

ಲಾರಿ ಹೋದ ಮೇಲೆ ಮಜೀದ ಡಬ್ಬಿ ಎತ್ತಿಕೊಂಡು ಗೇಟಿನ ಹತ್ತಿರ ಬಂದ. ಅಲ್ಲಿ ಸಂಗವ್ವ ನಿಂತಿದ್ದರು. ಹನ್ನೊಂದು ವರ್ಷದಲ್ಲಿ ಕೂದಲೆಲ್ಲ ಬೆಳ್ಳಗಾಗಿತ್ತು. ಅವನು ಈದಿನ ಅಂಗಿಯ ಕಾಲರು ಸರಿಮಾಡಿಕೊಂಡ.

"ಅವರು ಅಳೂದು ಕೇಳಸ್ತು. ನಿನಗ ಕ್ಷಮಾ ಮಾಡಿದ್ರೇನು?"

ಮಜೀದ ಡಬ್ಬಿಯನ್ನು ಈ ಕೈಯಿಂದ ಆ ಕೈಗೆ ಬದಲಿಸಿದ.

"ಮಾಡಿರತಾರ. ದೇವರಂಥಾ ಮನಷ್ಯಾ, ನಿನ್ನ ಮ್ಯಾಲೆ ಒಂದಿನ ಕೆಟ್ಟ ಮಾತು ಆಡಲಿಲ್ಲ. ನನ್ನ ಕಡಿಂದ ಆಗೂದಿಲ್ಲ. ಇನ್ನ ಈ ಬಾಗಲಕ್ಕ ಬರಬ್ಯಾಡ."

ನಿಜ ಅವನ ನಾಲಗೆಯ ತುದಿಗೆ ಬಂದು ನಿಂತಿತು. ಎರಡೇ ಮಾತು ಸಾಕಿತ್ತು, ಗುಲ್ಜಾರಬಿಯ ಋಣವೂ ತೀರುತ್ತಿತ್ತು. ಹಿಂದೆ ಶೆಡ್ಡಿನ ಬಾಗಿಲಲ್ಲಿ ಗಾಲಿಕುರ್ಚಿ ಅಲುಗದೆ ನಿಂತಿದ್ದು ಅವನಿಗೆ ಕಾಣುತ್ತಿತ್ತು. ಆ ಕುರ್ಚಿಯನ್ನು ತಳ್ಳಲು ಈ ಹೆಂಗಸೊಬ್ಬಳೇ.

"ಬರೂದಿಲ್ರಿ ವೈನ್ಯಾರ. ಅಣ್ಣಾರನ್ನ ಛಲೋತಂಗ ನೋಡ್ಕೋರಿ" ಎಂದ.

ಸಂಗವ್ವ ಅವನು ದಾಟುವತನಕ ಕಾದಿದ್ದು, ಗೇಟಿನ ಚಿಲಕ ಹಾಕಿಕೊಂಡರು.