ಬಲ್ಬು ಅಲ್ಲಾಡಿದ್ದು ನಿಜ

ಸಿನಿಮಾ ಹುಚ್ಚಿನ ಗೆಳೆಯರೇ, ನಗಬೇಡಿ. ಇವತ್ತು ಮಧ್ಯಾಹ್ನ ಜಪಾನಿನ ತ್ಸುಕುಬಾದ ನಮ್ಮ ಯೂನಿವರ್ಸಿಟಿಯಲ್ಲಿ ಅಜರ್‌ಬೈಜಾನಿನ ನಿರ್ದೇಶಕರೊಬ್ಬರ ಸಿನಿಮಾ ಇತ್ತು, ಅವರೂ ಬಂದಿದ್ದರು. ಮೂವತ್ತು ವರ್ಷದಲ್ಲಿ ನಾಲ್ಕೇ ಸಿನಿಮಾ ಮಾಡಿದ ಮನುಷ್ಯ. ನಾಲ್ಕರಲ್ಲೂ ಖಾಲಿ ಮನೆ, ಗಾಳಿ, ಮೌನ.

ಇವತ್ತಿನದರಲ್ಲಿ ಒಂದು ಶಾಟ್ ಇದೆ: ಖಾಲಿ ಕೋಣೆ, ಇಳಿಬಿಟ್ಟ ಒಂದು ಬಲ್ಬು, ಒಂಬತ್ತು ನಿಮಿಷ. ನನಗೆ ತೂಕಡಿಕೆ ಬರೋ ಹೊತ್ತಿಗೆ ಬಲ್ಬು ಮೆಲ್ಲಗೆ ತೂಗಾಡಿತು. 2011ರ ಆ ದೊಡ್ಡ ಭೂಕಂಪ ಆದಮೇಲೆ ಇಲ್ಲಿ ತೂಗೋ ದೀಪ ಕಂಡರೆ ಯಾರೂ ಸುಮ್ಮನೆ ಕೂರಲ್ಲ. ಹಾಲ್‌ನಲ್ಲಿದ್ದ ಹದಿನೈದು ಜನವೂ ಫೋನ್ ತೆಗೆದು ನೋಡಿದೆವು. ಭೂಕಂಪದ ಅಲರ್ಟ್ ಬಂದಿರಲಿಲ್ಲ. ನೆಲವೂ ಅಲ್ಲಾಡಿರಲಿಲ್ಲ.

ಸಿನಿಮಾ ಮುಗಿದ ಮೇಲೆ ನಮ್ಮ ಲ್ಯಾಬಿನ ಮೋರಿ ಸಾನ್ ಎದ್ದು ನಿಂತು, "ಸುಮಿಮಾಸೆನ್, ಕ್ಷಮಿಸಿ, ಆ ಬಲ್ಬನ್ನ ಯಾಕೆ ಅಲ್ಲಾಡಿಸಿದಿರಿ?" ಅಂತ ಕೇಳಿದರು.

ನಿರ್ದೇಶಕರು "ಆ ಶಾಟ್‌ನಲ್ಲಿ ಏನೂ ಅಲ್ಲಾಡಲ್ಲ" ಅಂದು, ಅದನ್ನೇ ಮತ್ತೆ ಹಾಕಿಸಿದರು. ಒಂಬತ್ತು ನಿಮಿಷವೂ ಬಲ್ಬು ಮೊಳೆ ಹೊಡೆದ ಹಾಗೆ ನಿಂತಿತ್ತು.

"ಬೇರೆ ಯಾವ ದೇಶದಲ್ಲೂ ಇದನ್ನ ಯಾರೂ ಕೇಳಿಲ್ಲ," ಅಂದರು. "ಹೋದ ವಾರ ಕೋಬೆಯಲ್ಲಿ ಮಾತ್ರ ಕೇಳಿದರು."

ಕೋಬೆಯೂ ಹಿಂದೊಮ್ಮೆ ಭೂಕಂಪಕ್ಕೆ ಸಿಕ್ಕ ಊರೇ.

ಮನೆಗೆ ಬಂದೆ. "ಹೇಗಿತ್ತೋ ಸಿನಿಮಾ?" ಅಂದಳು ಹೆಂಡತಿ.

"ಏನೂ ಅಲ್ಲಾಡದ ಸಿನಿಮಾ ಕಣೇ."

"ಮತ್ತೆ ಬಂದಾಗಿಂದ ಊಟದ ಟೇಬಲ್ ಮೇಲಿನ ಲೈಟನ್ನ ಯಾಕೆ ಹಿಡ್ಕೊಂಡು ನಿಂತಿದೀಯ?"

ಇನ್ನೂ ಬಿಟ್ಟಿಲ್ಲ. ಈ ಪೋಸ್ಟನ್ನ ಒಂದೇ ಕೈಯಲ್ಲಿ ಟೈಪ್ ಮಾಡ್ತಿದೀನಿ, ತಪ್ಪಿದ್ದರೆ ಕ್ಷಮಿಸಿ.